ಕೆರೆ ನೀರಿನ ಹನಿಯನ್ನು ಊರವರಿಗೆ ತೋರಿಸುವಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಪಾರ್ಕಿನಲ್ಲೋ ಶಾಲೆಯ ಜಗಲಿಯಲ್ಲೋ ಗಣೇಶನ ಪೆಂಡಾಲಿನ ಪಕ್ಕದಲ್ಲೋ ಒಂದು ಮೇಜು ಹಾಕಿ ಮೈಕ್ರೋಸ್ಕೋಪ್ ಇಟ್ಟರೆ ಸಾಕು, ಜನ ನಿಲ್ಲುತ್ತಾರೆ. ನಿಂತವರು ಕೇಳುತ್ತಾರೆ. ಈ ಪುಟದ ಪ್ರಶ್ನೆಗಳಲ್ಲಿ ಕೆಲವು ಹಾಗೆ ನೋಡಲು ಬಂದವರದು. ಇನ್ನು ಕೆಲವು "ನಮ್ಮೂರಲ್ಲೂ ಇದನ್ನು ಮಾಡಬೇಕು, ಹೇಗೆ?" ಅನ್ನುವವರದು. ಬೇರೆ ಬೇರೆ ಮಾಡಿಲ್ಲ, ಬಂದ ಹಾಗೆ ಹಾಕಿದ್ದೇನೆ.

ಒಂದು ಹನಿ ನೀರಲ್ಲಿ ಅಂಥದ್ದೇನು ಕಾಣುತ್ತೆ?

ಯಾವ ನೀರು ಅನ್ನುವುದರ ಮೇಲೆ ಹೋಗುತ್ತದೆ. ಕೆರೆಯ ನಡುವಿನ ತಿಳಿ ನೀರಲ್ಲಿ ಹೆಚ್ಚೇನೂ ಸಿಗುವುದಿಲ್ಲ. ಅಂಚಿನಲ್ಲಿ, ಪಾಚಿ ಹಿಡಿದ ಕಲ್ಲಿನ ಹತ್ತಿರ, ಕೊಳೆತ ಎಲೆಯ ಅಡಿಯಲ್ಲಿ ಜೀವ ತುಂಬಿರುತ್ತದೆ. ಶಾಲೆಯ ಪುಸ್ತಕದಲ್ಲಿ ನೋಡಿದ ಪ್ಯಾರಮೀಸಿಯಂ ಇರುತ್ತದೆ. ಹಸಿರು ಯುಗ್ಲೀನಾ ಇರುತ್ತದೆ. ಗಾಜಿನ ಚಿಪ್ಪಿನೊಳಗೆ ಬದುಕುವ ಡಯಾಟಂ ಇರುತ್ತದೆ. ನಾವು ಉಸಿರಾಡುವ ಆಮ್ಲಜನಕದಲ್ಲಿ ಸುಮಾರು ಐದರಲ್ಲೊಂದು ಪಾಲು ಈ ಡಯಾಟಂಗಳ ಕೊಡುಗೆ ಎಂದು ಲೆಕ್ಕ ಹಾಕಿದ್ದಾರೆ.

ಆದರೆ ಮೊದಲ ಸಲ ನೋಡುವವರಿಗೆ ನಾನು ಇಡುವುದು ವೋರ್ಟಿಸೆಲ್ಲಾ. ಕೆರೆಯಲ್ಲಿ ತೇಲುವ ಗಿಡಗಳ ಬೇರನ್ನು ಚೂರು ಕತ್ತರಿಸಿ ಸ್ಲೈಡಿಗೆ ಹಾಕಿದರೆ ಸಾಮಾನ್ಯವಾಗಿ ಸಿಗುತ್ತದೆ. ಉದ್ದನೆಯ ತೊಟ್ಟು, ತುದಿಯಲ್ಲಿ ಗಂಟೆಯ ಆಕಾರದ ದೇಹ. ಇಷ್ಟೂ ಸೇರಿ ಒಂದೇ ಒಂದು ಜೀವಕೋಶ. ಗಂಟೆಯ ಬಾಯಿಯ ಸುತ್ತ ಸಣ್ಣ ರೋಮಗಳು ಬಡಿಯುತ್ತಿರುತ್ತವೆ. ಅದರಿಂದ ನೀರಲ್ಲಿ ಸುಳಿ ಎದ್ದು ಬ್ಯಾಕ್ಟೀರಿಯಾಗಳು ಬಾಯಿಯ ಕಡೆ ಎಳೆದುಕೊಂಡು ಬರುತ್ತವೆ. ಈಗ ಮೇಜನ್ನು ಮೆಲ್ಲಗೆ ತಟ್ಟಿ. ತೊಟ್ಟು ಕಣ್ಣೆವೆ ಇಕ್ಕುವಷ್ಟರಲ್ಲಿ ಸುರುಳಿ ಸುತ್ತಿಕೊಂಡು ಗಂಟೆಯನ್ನು ಕೆಳಗೆ ಎಳೆದುಬಿಡುತ್ತದೆ. ಈ ಎಳೆತಕ್ಕೆ ಬೇಕಾಗುವುದು ಕೆಲವೇ ಮಿಲಿಸೆಕೆಂಡ್. ಬಿಚ್ಚಿಕೊಳ್ಳುವುದು ಮಾತ್ರ ನಿಧಾನ, ಸುರುಳಿ ಒಂದೊಂದಾಗಿ ಸಡಿಲವಾಗುತ್ತದೆ. ನೋಡುತ್ತಿದ್ದವರು ಈ ಹಂತದಲ್ಲಿ "ಅಯ್ಯೋ" ಅನ್ನದೆ ಇರುವುದು ಅಪರೂಪ.

ಇವು ಬರಿಗಣ್ಣಿಗೆ ಕಾಣೋದೇ ಇಲ್ವಾ?

ಕೆಲವು ಕಾಣುತ್ತವೆ. ಪ್ಯಾರಮೀಸಿಯಂ ಒಂದು ಮಿಲಿಮೀಟರಿನ ಕಾಲು ಭಾಗದಷ್ಟು ಉದ್ದ ಇರಬಹುದು. ಗಾಜಿನ ಲೋಟವನ್ನು ಕಪ್ಪು ಬಟ್ಟೆಯ ಮುಂದೆ ಹಿಡಿದು ಬದಿಯಿಂದ ಬೆಳಕು ಬಿಟ್ಟರೆ ಬಿಳಿ ಚುಕ್ಕಿಗಳಾಗಿ ಓಡಾಡುವುದು ಗೊತ್ತಾಗುತ್ತದೆ. ಸ್ಟೆಂಟರ್ ಅನ್ನುವ ತುತ್ತೂರಿ ಆಕಾರದ ಜೀವಿಯೂ ಒಂದೇ ಕೋಶದ್ದು, ಅದು ಮೈಚಾಚಿದರೆ ಒಂದು ಮಿಲಿಮೀಟರ್ ದಾಟುವುದುಂಟು. ಬ್ಯಾಕ್ಟೀರಿಯಾ ಹಾಗಲ್ಲ. ನಮ್ಮ ಕರುಳಿನಲ್ಲಿರುವ ಇ. ಕೋಲಿಯ ಉದ್ದ ಸುಮಾರು 2 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಎರಡು ಪಾಲು. ಅಂಥ 500 ಸಾಲಾಗಿ ನಿಂತರೆ ಒಂದು ಮಿಲಿಮೀಟರ್.

ಕೊರೊನಾ ವೈರಸ್ ತೋರಿಸ್ತೀರಾ?

ಆಗುವುದಿಲ್ಲ. ಅದರ ಅಗಲ ಸುಮಾರು 0.1 ಮೈಕ್ರಾನ್. ಸಾಮಾನ್ಯ ಬೆಳಕಿನ ಮೈಕ್ರೋಸ್ಕೋಪಿಗೆ 0.2 ಮೈಕ್ರಾನ್‌ಗಿಂತ ಚಿಕ್ಕದನ್ನು ಬಿಡಿಸಿ ತೋರಿಸಲು ಬರುವುದಿಲ್ಲ. ಎಷ್ಟು ದುಡ್ಡು ಕೊಟ್ಟು ಲೆನ್ಸ್ ತಂದರೂ ಅಷ್ಟೇ, ಅದು ಬೆಳಕಿನ ಮಿತಿ. ಅದಕ್ಕೆ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಬೇಕು. ಅದರಲ್ಲಿ ಬರುವುದು ಕಪ್ಪು ಬಿಳುಪು ಚಿತ್ರ. ಮೊಬೈಲಿನಲ್ಲಿ ನೋಡುವ ಕೆಂಪು, ನೀಲಿ ಬಣ್ಣ ಆಮೇಲೆ ಹಚ್ಚಿದ್ದು.

ಥೂ, ಇದನ್ನೆಲ್ಲ ಕುಡೀತಿದ್ದೀವಾ?

ಹತ್ತರಲ್ಲಿ ನಾಲ್ಕು ಜನ ಕೇಳುವುದೇ ಇದನ್ನು. ಇದು ಹಳೇ ಪ್ರಶ್ನೆ ಕೂಡ. 1828ರಲ್ಲಿ ಲಂಡನ್ನಿನ ವ್ಯಂಗ್ಯಚಿತ್ರಕಾರ ವಿಲಿಯಂ ಹೀತ್ ಒಂದು ಚಿತ್ರ ಬರೆದ. ಥೇಮ್ಸ್ ನದಿಯ ಹನಿಯನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದ ಹೆಂಗಸು ಬೆಚ್ಚಿಬಿದ್ದು ಕೈಯಲ್ಲಿದ್ದ ಚಹಾದ ಬಟ್ಟಲನ್ನು ಬಿಡುತ್ತಾಳೆ. ಹನಿಯ ತುಂಬ ಕೋರೆಹಲ್ಲಿನ ವಿಕಾರ ಪ್ರಾಣಿಗಳು. ನದಿಯ ನೀರನ್ನೇ ಮನೆಗಳಿಗೆ ಬಿಡುತ್ತಿದ್ದವರ ಮೇಲಿನ ಸಿಟ್ಟು ಅದು, ಸಿಟ್ಟು ಸರಿಯಾದದ್ದೇ. ಆದರೆ ಕೆಲವೇ ವರ್ಷದಲ್ಲಿ ಅದೇ ಊರಿನಲ್ಲಿ ಜನರನ್ನು ಕೊಂದದ್ದು ಕಾಲರಾ. ಅದರ ಬ್ಯಾಕ್ಟೀರಿಯಾ ಎಷ್ಟು ಚಿಕ್ಕದೆಂದರೆ ಆ ಚಿತ್ರದಲ್ಲಿ ಅದಕ್ಕೆ ಒಂದು ಚುಕ್ಕಿಯೂ ಸಿಗುತ್ತಿರಲಿಲ್ಲ.

ನಾನು ಹೇಳುವುದೂ ಅದನ್ನೇ. ಇಲ್ಲಿ ಈಜಾಡುವ ದೊಡ್ಡ ಜೀವಿಗಳಲ್ಲಿ ಬಹುಪಾಲು ನಮ್ಮ ಗೊಡವೆಗೆ ಬರುವುದಿಲ್ಲ. ಅವು ಬ್ಯಾಕ್ಟೀರಿಯಾ ತಿಂದುಕೊಂಡು ಇರುತ್ತವೆ. ಕಾಯಿಲೆ ತರುವುದು ನಮಗೆ ಇಲ್ಲಿ ಕಾಣದ್ದು. ಆದ್ದರಿಂದ ಕೆರೆ ನೀರನ್ನು ಕುದಿಸದೆ ಕುಡಿಯಬೇಡಿ. ಆದರೆ ಪ್ಯಾರಮೀಸಿಯಂ ಕಂಡು ಹೆದರಲೂ ಬೇಡಿ.

ಕೆಲವರು ಬೇಕೆಂದೇ ಹೆದರಿಸಿ ತೋರಿಸುತ್ತಾರೆ. "ನಿಮ್ಮ ಉಗುರಿನಲ್ಲಿ ಏನೇನಿದೆ ನೋಡಿ" ಅಂತ. ಕೈತೊಳೆಯುವುದು ಕಲಿಸಲು ಅದು ಸರಿ ಇರಬಹುದು. ಆದರೆ ಹೆದರಿದ ಮಗು ಎರಡನೇ ಸಲ ಕಣ್ಣಿಡಲು ಬರುವುದಿಲ್ಲ.

ನಮ್ಮನೆ ಬೋರ್‌ವೆಲ್ ನೀರು ಬಾಟ್ಲಿಯಲ್ಲಿ ತಂದಿದ್ದೀನಿ. ಚೆನ್ನಾಗಿದೆಯಾ ನೋಡಿ ಹೇಳ್ತೀರಾ?

ನೋಡೋಣ, ಆದರೆ ಚೆನ್ನಾಗಿದೆ ಎಂದು ಹೇಳುವುದಿಲ್ಲ. ಸ್ಲೈಡಿನಲ್ಲಿ ಏನೂ ಕಾಣದಿದ್ದರೂ ನೀರು ಕೆಟ್ಟಿರಬಹುದು. ಫ್ಲೋರೈಡ್, ನೈಟ್ರೇಟ್ ಇಲ್ಲಿ ಕಾಣುವುದೇ ಇಲ್ಲ. ಕುಡಿಯುವ ನೀರನ್ನು ಲ್ಯಾಬಿಗೆ ಕೊಡಬೇಕು. ಹಳ್ಳಿಗಳಲ್ಲಿ ನೀರು ಪರೀಕ್ಷೆಯವರು ಒಂದು ಸಣ್ಣ ಬಾಟಲಿ ತರುತ್ತಾರೆ, ನೀರು ತುಂಬಿಟ್ಟು ಒಂದೆರಡು ದಿನ ಬಿಟ್ಟು ನೋಡಿ, ಕಪ್ಪಾದರೆ ಮಲದ ಬ್ಯಾಕ್ಟೀರಿಯಾ ಸೇರಿರುವ ಅನುಮಾನ. ನಮ್ಮ ಮೇಜಿಗಿಂತ ಅದು ಎಷ್ಟೋ ವಾಸಿ. ತೋರಿಸುವವರಿಗೂ ಒಂದು ಮಾತು: "ಏನೂ ಇಲ್ಲ ಬಿಡಿ, ಕುಡೀಬಹುದು" ಎಂದು ಸುಮ್ನೆ ಬಾಯಿಮಾತಿಗೂ ಹೇಳಬೇಡಿ. ಜನ ನಂಬಿಬಿಡುತ್ತಾರೆ.

ಅಮೀಬಾ ಮೆದುಳು ತಿನ್ನುತ್ತಂತಲ್ಲ? ಮಕ್ಕಳಿಗೆ ತೋರಿಸಬಹುದಾ?

ಕೇರಳದಲ್ಲಿ ಇದರಿಂದ ಜನ ಸತ್ತ ಸುದ್ದಿ ಬಂದ ಮೇಲೆ ಈ ಪ್ರಶ್ನೆ ಜಾಸ್ತಿಯಾಗಿದೆ. ಕೇಳುವುದು ಸರಿಯೇ. ಮೆದುಳಿಗೆ ಹೋಗುವುದು ನೇಗ್ಲೇರಿಯಾ ಫೌಲೆರಿ ಮತ್ತು ಅಂಥ ಕೆಲವು ಅಮೀಬಾಗಳು. ನೇಗ್ಲೇರಿಯಾ ಬೆಚ್ಚಗಿನ ಸಿಹಿನೀರಿನಲ್ಲಿ ಇರುತ್ತದೆ, ಮೂಗಿನ ಮೂಲಕ ಒಳಗೆ ಹೋಗುತ್ತದೆ. ಕುಡಿದರೆ ಈ ಕಾಯಿಲೆ ಬರುವುದಿಲ್ಲ. ಕಾಯಿಲೆ ಅಪರೂಪ, ಬಂದರೆ ಉಳಿಯುವುದು ಕಷ್ಟ. ಪಾಠದಲ್ಲಿರುವ ದೊಡ್ಡ ಅಮೀಬಾ ಬೇರೆಯದೇ, ಅದು ಮನುಷ್ಯರಿಗೆ ಏನೂ ಮಾಡುವುದಿಲ್ಲ.

ಸ್ಲೈಡಿನ ಒಂದು ಹನಿಯನ್ನು ನೋಡುವುದರಿಂದ ತೊಂದರೆ ಇಲ್ಲ. ಜಾಗ್ರತೆ ಬೇಕಾಗಿರುವುದು ನೀರು ತರುವಾಗ. ಮಕ್ಕಳನ್ನು ಕೆರೆಗೆ ಇಳಿಸಬೇಡಿ. ದೊಡ್ಡವರೇ ದಡದಲ್ಲಿ ನಿಂತು ಉದ್ದ ಕೋಲಿಗೆ ಡಬ್ಬಿ ಕಟ್ಟಿ ತೆಗೆಯಲಿ. ಕೈಯಲ್ಲಿ ಗಾಯವಿದ್ದರೆ ಗ್ಲೌಸ್ ಹಾಕಿ. ಮಲೆನಾಡು, ಕರಾವಳಿ ಕಡೆಯವರಿಗೆ ಇಲಿಜ್ವರದ ಬಗ್ಗೆ ಹೇಳಬೇಕಾಗಿಲ್ಲ, ಮಳೆಗಾಲದ ನಿಂತ ನೀರಿಗೆ ಬರಿಗಾಲಲ್ಲಿ ಇಳಿಯಬೇಡಿ. ಚರಂಡಿ ಸೇರುವ ಕೆರೆ ಬೇಡವೇ ಬೇಡ. ನೀರು ಹಸಿರು ಪೇಂಟ್ ಚೆಲ್ಲಿದ ಹಾಗೆ ಕಂಡರೂ ಬಿಟ್ಟುಬಿಡಿ. ಅದು ಮೈಕ್ರೋಸಿಸ್ಟಿಸ್ ಅನ್ನುವ ಬ್ಯಾಕ್ಟೀರಿಯಾ ಆಗಿರಬಹುದು, ಅದರಲ್ಲಿ ಕೆಲವು ಬಗೆ ಪಿತ್ತಜನಕಾಂಗಕ್ಕೆ ಕೆಟ್ಟ ವಿಷ ಮಾಡುತ್ತವೆ.

ಮೊಸರಿನ ಬ್ಯಾಕ್ಟೀರಿಯಾ ತೋರಿಸಿ.

ಎಲ್ಲರಿಗೂ ಇಷ್ಟದ ಕೋರಿಕೆ, ತೋರಿಸುವವರಿಗೆ ಕಷ್ಟದ್ದು. ಮೊಸರನ್ನು ನೀರಲ್ಲಿ ಕದಡಿ 400 ಪಟ್ಟಿನಲ್ಲಿ ಇಟ್ಟರೆ ಲೆಕ್ಕವಿಲ್ಲದಷ್ಟು ಸಣ್ಣ ಗುಂಡುಗಳು ನಡುಗುತ್ತಿರುತ್ತವೆ. "ಬ್ಯಾಕ್ಟೀರಿಯಾ ಕುಣೀತಿದೆ!" ಎಂದು ಎಲ್ಲರೂ ಖುಷಿಪಡುತ್ತಾರೆ. ಅವುಗಳಲ್ಲಿ ಹೆಚ್ಚಿನವು ಹಾಲಿನ ಕೊಬ್ಬಿನ ಗುಂಡುಗಳು. ಜೀವ ಇಲ್ಲ. ನೀರಿನ ಅಣುಗಳು ಎಲ್ಲ ಕಡೆಯಿಂದ ಡಿಕ್ಕಿ ಹೊಡೆಯುವುದರಿಂದ ನಡುಗುತ್ತವೆ. ರಾಬರ್ಟ್ ಬ್ರೌನ್ ಎಂಬ ಸಸ್ಯಶಾಸ್ತ್ರಜ್ಞ 1827ರಲ್ಲಿ ಪರಾಗದೊಳಗಿನ ಕಣಗಳಲ್ಲಿ ಈ ನಡುಕವನ್ನು ನೋಡಿದ. ಆಮೇಲೆ ಜೀವವಿಲ್ಲದ ವಸ್ತುಗಳ ಪುಡಿಯನ್ನೂ ಇಟ್ಟು ನೋಡಿದ, ಅವೂ ನಡುಗಿದವು. ಈಜುವುದಕ್ಕೂ ನಡುಗುವುದಕ್ಕೂ ವ್ಯತ್ಯಾಸ ಸುಲಭ: ಈಜುವುದು ಒಂದು ಕಡೆ ಹೋಗುತ್ತದೆ, ನಡುಗುವುದು ಅಲ್ಲಲ್ಲೇ ಒದ್ದಾಡುತ್ತದೆ.

ಮೊಸರಿನ ನಿಜವಾದ ಬ್ಯಾಕ್ಟೀರಿಯಾ ಬೇಕಿದ್ದರೆ ತೆಳುವಾಗಿ ಸವರಿ, ಒಣಗಿಸಿ, ಮೆಥಿಲೀನ್ ಬ್ಲೂ ಅನ್ನುವ ನೀಲಿ ಬಣ್ಣ ಹಾಕಿ, 100 ಪಟ್ಟಿನ ಲೆನ್ಸಿಗೆ ಎಣ್ಣೆ ಹಚ್ಚಿ ನೋಡಬೇಕು. ಕಡ್ಡಿಗಳು, ಮಣಿ ಪೋಣಿಸಿದಂಥ ಸರಗಳು ನೀಲಿಯಾಗಿ ಕಾಣುತ್ತವೆ. ಇದನ್ನು ಮನೆಯಲ್ಲೇ ಮಾಡಿಕೊಂಡು ಬನ್ನಿ. ಗುಂಪಿನ ನಡುವೆ ಎಣ್ಣೆ ಲೆನ್ಸ್ ಹಾಕಿದರೆ ಸ್ಲೈಡ್ ಒಡೆಯುವುದೇ ಹೆಚ್ಚು. ಇಡ್ಲಿ ಹಿಟ್ಟು ಉಬ್ಬುವುದು ಯಾಕೆ ಎಂದು ಕೇಳುವವರೂ ಇದ್ದಾರೆ. ಅಲ್ಲಿ ಮುಖ್ಯ ಕೆಲಸ ಲ್ಯೂಕೊನೊಸ್ಟಾಕ್ ಅನ್ನುವ ಬ್ಯಾಕ್ಟೀರಿಯಾದ್ದು. ಅದು ಬಿಡುವ ಗಾಳಿಯೇ ಹಿಟ್ಟನ್ನು ಎತ್ತುತ್ತದೆ.

ಸಾಯದೇ ಇರೋ ಪ್ರಾಣಿ ಇದೆಯಂತೆ. ಅದಿದೆಯಾ?

ನೀರುಕರಡಿ, ಅಂದರೆ ಟಾರ್ಡಿಗ್ರೇಡ್. ಇದೆ. ನಿಮ್ಮ ಕಾಂಪೌಂಡ್ ಗೋಡೆಯ ಮೇಲೂ ಇರಬಹುದು.

ಮೊದಲು ಒಂದು ವಿಷಯ: ಅದು ಸಾಯುತ್ತದೆ. ಓಡಾಡಿಕೊಂಡಿರುವಾಗ ಬಿಸಿನೀರು ಹಾಕಿದರೆ ಬೇರೆ ಹುಳದ ಹಾಗೇ ಸಾಯುತ್ತದೆ. ಅದರ ವಿಶೇಷ ಒಣಗುವುದರಲ್ಲಿದೆ. ನೀರು ಆರುತ್ತಾ ಬಂದಂತೆ ಎಂಟು ಕಾಲನ್ನೂ ತಲೆಯನ್ನೂ ಒಳಗೆಳೆದುಕೊಂಡು ಮುದುಡಿ ಗುಂಡಗಾಗುತ್ತದೆ. ಉಸಿರಾಟ, ಊಟ ಎಲ್ಲ ಹೆಚ್ಚು ಕಡಿಮೆ ನಿಂತುಹೋಗುತ್ತದೆ. ಈ ಸ್ಥಿತಿಯಲ್ಲಿ ಚಳಿ, ವಿಕಿರಣ, ಗಾಳಿಯೇ ಇಲ್ಲದ ಜಾಗ ಎಲ್ಲವನ್ನೂ ತಡೆಯುತ್ತದೆ. 2007ರಲ್ಲಿ ಇವುಗಳನ್ನು ಬಾಹ್ಯಾಕಾಶದಲ್ಲಿ ಬರಿಮೈಯಲ್ಲಿ ಬಿಟ್ಟು ವಾಪಸ್ ತಂದರು, ಕೆಲವು ಎದ್ದು ಓಡಾಡಿದವು. 2025ರಲ್ಲಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಾಗಲೂ ನೀರುಕರಡಿಯ ಪ್ರಯೋಗ ಜೊತೆಗಿತ್ತು.

ನಮಗೆ ಹೆಮ್ಮೆಯ ಕತೆಯೊಂದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಪಾಚಿ ಬೆಳೆದ ಗೋಡೆಯಲ್ಲಿ ಸಂಶೋಧಕರಿಗೆ ಒಂದು ಬಗೆಯ ನೀರುಕರಡಿ ಸಿಕ್ಕಿತು. ಬ್ಯಾಕ್ಟೀರಿಯಾ ಕೊಲ್ಲಲು ಬಳಸುವ ನೇರಳಾತೀತ ದೀಪದ ಕೆಳಗೆ ಇಟ್ಟರೂ ಸಾಯಲಿಲ್ಲ. ಅದರ ಮೈಯಲ್ಲಿರುವ ವಸ್ತು ಅಪಾಯದ ಆ ಕಿರಣವನ್ನು ಹೀರಿಕೊಂಡು ನಿರಪಾಯದ ನೀಲಿ ಬೆಳಕಾಗಿ ಹೊರಗೆ ಬಿಡುತ್ತದೆ. ಆ ವಸ್ತುವನ್ನು ತೆಗೆದು ಬೇರೆ ಜಾತಿಯ ನೀರುಕರಡಿಗೆ ಹಚ್ಚಿದಾಗ ಅದಕ್ಕೂ ಸ್ವಲ್ಪ ರಕ್ಷಣೆ ಸಿಕ್ಕಿತು. 2020ರಲ್ಲಿ ಪ್ರಕಟಿಸಿದರು. ಇದಕ್ಕೆ ಇಟ್ಟ ಗುರುತು ಬಿಎಲ್‌ಆರ್. ಬೆಂಗಳೂರಿನ ವಿಮಾನದ ಟಿಕೆಟ್ ಮೇಲೆ ಇರುವುದೂ ಇದೇ ಮೂರಕ್ಷರ.

ಹುಡುಕುವುದು ಹೀಗೆ. ಬಿಸಿಲಿಗೆ ಒಣಗಿ ಕಂದಾದ, ಮೆತ್ತೆಯಂಥ ಪಾಚಿಯನ್ನು ಗೋಡೆಯಿಂದ ಎಬ್ಬಿಸಿ. ಕ್ಲೋರಿನ್ ಇಲ್ಲದ ನೀರಿನಲ್ಲಿ, ಮಳೆನೀರಾದರೆ ಒಳ್ಳೆಯದು, ರಾತ್ರಿಯಿಡೀ ನೆನೆಸಿ. ಬೆಳಿಗ್ಗೆ ತಟ್ಟೆಯ ಮೇಲೆ ಹಿಂಡಿ. ತಳದಲ್ಲಿ ನಿಂತ ಮರಳು, ಕಸವನ್ನು ಡ್ರಾಪರಿನಿಂದ ತೆಗೆದು 40 ಪಟ್ಟಿನಲ್ಲಿ ಹುಡುಕಿ. ಚಡಪಡಿಸುವ ಉದ್ದನೆಯದು ದಾರದ ಹುಳ. ಉದ್ದವಾಗಿ ಕುಗ್ಗಿ ಹಿಗ್ಗಿ ಹೋಗುವುದು ರೋಟಿಫರ್. ಮರಳ ಕಣಗಳ ನಡುವೆ ಕಾಲು ಆಡಿಸುತ್ತಾ ಹಿಡಿತ ಸಿಗದೆ ಒದ್ದಾಡುವ ದಪ್ಪನೆಯದು ಸಿಕ್ಕಿತಾ? ಅದೇ. ಗಾಜು ಜಾರುತ್ತದೆ, ಆದ್ದರಿಂದ ಪಾಚಿಯ ಒಂದು ಎಸಳನ್ನು ಪಕ್ಕದಲ್ಲಿ ಹಾಕಿ. ಉಗುರಿನಿಂದ ಹಿಡಿದು ಹತ್ತುವುದನ್ನು ನೋಡಬಹುದು. ಮೊದಲ ಗೋಡೆಯಲ್ಲಿ ಸಿಗದಿದ್ದರೆ ಬೇರೆ ಗೋಡೆ ನೋಡಿ.

ಅಂದಹಾಗೆ ರೋಟಿಫರನ್ನು ಕಡೆಗಣಿಸಬೇಡಿ. ಸೈಬೀರಿಯಾದ ಹಿಮಗಟ್ಟಿದ ಮಣ್ಣಿನಲ್ಲಿ ಸುಮಾರು 24,000 ವರ್ಷ ಹುದುಗಿದ್ದ ರೋಟಿಫರ್ ಎದ್ದು ಮರಿ ಹಾಕಿದ್ದನ್ನು 2021ರಲ್ಲಿ ವರದಿ ಮಾಡಿದ್ದಾರೆ. ಅದರ ಗುಂಪಿನಲ್ಲಿ ಗಂಡು ಅನ್ನುವುದು ಈವರೆಗೆ ಯಾರಿಗೂ ಸಿಕ್ಕಿಲ್ಲ. ಪ್ರಚಾರ ಎಲ್ಲ ನೀರುಕರಡಿಗೆ ಹೋಯಿತು, ಪಾಪ.

ನಾವು ನೋಡ್ತಿರೋದು ಅದಕ್ಕೆ ಗೊತ್ತಾಗುತ್ತಾ?

ಮಕ್ಕಳಷ್ಟೇ ಕೇಳುವ ಪ್ರಶ್ನೆ, ನನಗೆ ಬಹಳ ಇಷ್ಟದ್ದು. ನೋಡುವುದು ಗೊತ್ತಾಗುವುದಿಲ್ಲ. ಬೆಳಕು ಗೊತ್ತಾಗುತ್ತದೆ: ಯುಗ್ಲೀನಾಕ್ಕೆ ಒಂದು ಕೆಂಪು ಚುಕ್ಕಿ ಇದೆ, ಅದರ ನೆರವಿನಿಂದ ಬೆಳಕಿನ ಕಡೆ ತಿರುಗುತ್ತದೆ. ಸ್ಟೆಂಟರಿನ ಕತೆ ಇನ್ನೂ ವಿಚಿತ್ರ. ಕಿರಿಕಿರಿ ಮಾಡುವ ಪುಡಿಯನ್ನು ಮತ್ತೆ ಮತ್ತೆ ಅದರ ಮೇಲೆ ಬಿಟ್ಟರೆ ಮೊದಲು ಪಕ್ಕಕ್ಕೆ ಬಾಗುತ್ತದೆ. ಆಗಲಿಲ್ಲವಾದರೆ ರೋಮಗಳನ್ನು ಹಿಮ್ಮುಖ ಬೀಸಿ ಪುಡಿಯನ್ನು ಆಚೆ ತಳ್ಳುತ್ತದೆ. ಅದೂ ಆಗದಿದ್ದರೆ ಮುದುಡಿಕೊಳ್ಳುತ್ತದೆ. ಕೊನೆಗೆ ಬೇಸತ್ತಂತೆ ಜಾಗವನ್ನೇ ಬಿಟ್ಟು ಈಜಿಕೊಂಡು ಹೋಗುತ್ತದೆ. ಹರ್ಬರ್ಟ್ ಸ್ಪೆನ್ಸರ್ ಜೆನ್ನಿಂಗ್ಸ್ 1906ರಲ್ಲಿ ಇದನ್ನು ಬರೆದಾಗ ಅನುಮಾನಪಟ್ಟವರಿದ್ದರು. 2019ರಲ್ಲಿ ಮತ್ತೆ ಮಾಡಿ ನೋಡಿದರು, ಜೆನ್ನಿಂಗ್ಸ್ ಹೇಳಿದ್ದು ಸರಿಯಾಗಿತ್ತು. ಮೆದುಳಿಲ್ಲ, ನರವಿಲ್ಲ, ಇರುವುದು ಒಂದೇ ಕೋಶ.

ಇದು ನಾರುಹುಣ್ಣು ತರೋ ಹುಳ ಅಲ್ವಾ?

ಉತ್ತರ ಕರ್ನಾಟಕದ ಹಿರಿಯರು ಸೈಕ್ಲಾಪ್ಸ್ ತೋರಿಸಿದಾಗ ಕೇಳುತ್ತಾರೆ. ಪೂರ್ತಿ ತಪ್ಪಲ್ಲ. ಸೈಕ್ಲಾಪ್ಸ್ ಒಂದು ಮಿಲಿಮೀಟರ್ ಆಸುಪಾಸಿನ ಸೀಗಡಿ ಜಾತಿಯ ಜೀವಿ. ನಡುನೆತ್ತಿಯಲ್ಲಿ ಒಂದೇ ಕಣ್ಣು, ಹೆಣ್ಣಿಗೆ ಬಾಲದ ಎರಡೂ ಬದಿ ಮೊಟ್ಟೆಯ ಚೀಲ. ಅದು ತಾನಾಗಿ ಏನೂ ಮಾಡುವುದಿಲ್ಲ. ಹಿಂದೆ ನಾರುಹುಳದ ಮರಿ ಅದರ ಹೊಟ್ಟೆಯಲ್ಲಿ ಬೆಳೆಯುತ್ತಿತ್ತು. ಮೆಟ್ಟಿಲು ಬಾವಿಯ ನೀರು ಕುಡಿದವರ ಮೈಯೊಳಗೆ ಹೋಗಿ, ಸುಮಾರು ಒಂದು ವರ್ಷದ ಮೇಲೆ ಕಾಲಿನ ಹುಣ್ಣಿನಿಂದ ಮಾರುದ್ದದ ದಾರವಾಗಿ ಹೊರಗೆ ಬರುತ್ತಿತ್ತು. ಆ ಹುಣ್ಣನ್ನು ನೀರಲ್ಲಿ ಅದ್ದಿದರೆ ಮರಿಗಳು ಮತ್ತೆ ಬಾವಿಗೆ. ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಂದು ಎಳೆಯುತ್ತಿದ್ದದ್ದನ್ನು ಕಂಡವರು ಇನ್ನೂ ಇದ್ದಾರೆ.

ಇದಕ್ಕೆ ಲಸಿಕೆ ಇರಲಿಲ್ಲ. ನೀರನ್ನು ಬಟ್ಟೆಯಲ್ಲಿ ಶೋಧಿಸಿದರೆ ಸೈಕ್ಲಾಪ್ಸ್ ಮೇಲೇ ಉಳಿಯುತ್ತದೆ, ಮೆಟ್ಟಿಲಿಳಿದು ನೀರಿಗೆ ಕಾಲಿಡದಂತೆ ಮಾಡಿದರೆ ಚಕ್ರ ಕಡಿಯುತ್ತದೆ. ಮುಖ್ಯವಾಗಿ ಇಂಥ ಕ್ರಮಗಳಿಂದಲೇ ಹೋಯಿತು. ದೇಶದ ಕೊನೆಯ ಪ್ರಕರಣ 1996ರಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಳ ಮುಕ್ತ ಎಂದಿತು. ಹಿರಿಯರು ಈ ಮಾತು ಎತ್ತಿದರೆ ನೀವು ಸುಮ್ಮನಾಗಿ, ಅವರು ಹೇಳಲಿ. ಸುತ್ತ ನಿಂತ ಹುಡುಗರು ನಮ್ಮ ಮಾತಿಗಿಂತ ಅದನ್ನೇ ಕಿವಿಗೊಟ್ಟು ಕೇಳುತ್ತಾರೆ.

ಸ್ಲೈಡಿಗೆ ಹಾಕಿದ್ರೆ ಸಾಯುತ್ತಲ್ಲ? ಜೀವಹತ್ಯೆ ಅಲ್ವಾ?

ತಮಾಷೆಗೆ ಕೇಳುವವರು ಕಡಿಮೆ, ನಿಜವಾಗಿ ನೊಂದು ಕೇಳುವವರೇ ಹೆಚ್ಚು. ನಾವು ಬಣ್ಣ ಹಾಕದೆ, ಔಷಧಿ ಹಾಕದೆ ಜೀವಂತವಾಗಿಯೇ ತೋರಿಸುತ್ತೇವೆ. ಹನಿ ಆರುವ ಮೊದಲೇ ತೊಟ್ಟು ನೀರು ಸೇರಿಸಿ, ಮುಗಿದ ಮೇಲೆ ಡಬ್ಬಿಗೆ ತೊಳೆದು ಬಿಡುತ್ತೇವೆ. ಜೈನರ ಮನೆಗಳಲ್ಲಿ ನೀರು ಶೋಧಿಸಿದ ಮೇಲೆ ಬಟ್ಟೆಯಲ್ಲಿ ಉಳಿದದ್ದನ್ನು ಅದೇ ಬಾವಿಗೆ ಬಿಡುವ ಪದ್ಧತಿ ಇದೆಯಲ್ಲ, ಅದು ನಮಗೂ ಒಪ್ಪುತ್ತದೆ. ಎಲ್ಲವೂ ಉಳಿಯುತ್ತವೆ ಎಂದು ಮಾತ್ರ ಹೇಳಲಾರೆ.

ದೇವಸ್ಥಾನದ ಕಲ್ಯಾಣಿಯಿಂದ ನೀರು ತೆಗೆಯುವುದಾದರೆ ಅರ್ಚಕರನ್ನೋ ಆಡಳಿತದವರನ್ನೋ ಮೊದಲು ಕೇಳಿ. ತೀರ್ಥವನ್ನು ಸ್ಲೈಡಿಗೆ ಹಾಕಿ ಯಾರನ್ನೋ ಸೋಲಿಸುವ ಆಟ ಆಡಬೇಡಿ. ಗೆದ್ದರೂ ಆ ಊರಿನಲ್ಲಿ ಮತ್ತೆ ಮೇಜು ಹಾಕಲು ಆಗುವುದಿಲ್ಲ.

ಯಾವ ಮೈಕ್ರೋಸ್ಕೋಪ್ ತಗೊಳ್ಳಲಿ?

ಕಾಲೇಜಿನ ಲ್ಯಾಬಿನಲ್ಲಿರುವಂಥ ಸಾದಾ ಕಾಂಪೌಂಡ್ ಮೈಕ್ರೋಸ್ಕೋಪ್ ಸಾಕು. 4, 10, 40 ಪಟ್ಟಿನ ಮೂರು ಲೆನ್ಸ್, ಕಣ್ಣಿಡುವ ಕಡೆ 10 ಪಟ್ಟಿನ ಐಪೀಸ್. ಅಂದರೆ 40ರಿಂದ 400 ಪಟ್ಟು ದೊಡ್ಡದು. ಬೆಳಕಿಗೆ ಎಲ್‌ಇಡಿ ಇರಲಿ. ಹಳೆಯ ಬಲ್ಬಿನ ಶಾಖಕ್ಕೆ ಹನಿ ಬೇಗ ಆರುತ್ತದೆ. ನಮ್ಮ ದೇಶದಲ್ಲಿ ಇವನ್ನು ಹೆಚ್ಚಾಗಿ ಮಾಡುವುದು ಹರಿಯಾಣದ ಅಂಬಾಲದಲ್ಲಿ. ಊರಿನ ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. "1000 ಪಟ್ಟು" ಎಂದು ಬರೆದ ಅಗ್ಗದ ಯುಎಸ್‌ಬಿ ಕ್ಯಾಮೆರಾಗಳಿಗೆ ಮರುಳಾಗಬೇಡಿ. ಇರುವೆ, ಬಟ್ಟೆ, ಉಪ್ಪಿನ ಹರಳು ನೋಡಲು ಚೆನ್ನ. ಪ್ಯಾರಮೀಸಿಯಂ ಒಂದು ಮಸುಕು ಚುಕ್ಕಿ ಅಷ್ಟೇ.

ದುಡ್ಡಿಲ್ಲದಿದ್ದರೆ ಫೋಲ್ಡ್‌ಸ್ಕೋಪ್ ಇದೆ. ಸ್ಟ್ಯಾನ್‌ಫರ್ಡಿನ ಮನು ಪ್ರಕಾಶ್ ಮತ್ತು ಜಿಮ್ ಸೈಬುಲ್‌ಸ್ಕಿ ಮಾಡಿದ್ದು, 2014ರಲ್ಲಿ ಪ್ರಕಟವಾಯಿತು. ಕಾಗದವನ್ನು ಮಡಿಸಿ, ಪುಟ್ಟ ಗುಂಡು ಲೆನ್ಸ್ ಕೂರಿಸಿದರೆ 140 ಪಟ್ಟು ತೋರಿಸುತ್ತದೆ. ಒಬ್ಬೊಬ್ಬರೇ ಮನೆಗೆ ಒಯ್ದು ನೋಡಲು ಬಹಳ ಒಳ್ಳೆಯದು. ಗುಂಪಿಗೆ ತೋರಿಸಲು ಮಾತ್ರ ಕಷ್ಟ. ಕೈಯಿಂದ ಕೈಗೆ ಹೋಗುವಾಗ ಫೋಕಸ್ ತಪ್ಪುತ್ತದೆ.

ಬೇಸಿಗೆಯಲ್ಲಿ ಕೆರೆ ಒಣಗಿದ್ರೆ?

ಒಣ ಹುಲ್ಲು ಇದೆಯಲ್ಲ. ಒಂದು ಹಿಡಿ ಬತ್ತದ ಹುಲ್ಲನ್ನು ಚೂರು ಮಾಡಿ ಗಾಜಿನ ಜಾಡಿಗೆ ಹಾಕಿ, ಕುದಿಸಿ ಆರಿಸಿದ ನೀರು ಸುರಿಯಿರಿ. ಹೊಂಡದ ನೀರು ಎಲ್ಲಾದರೂ ಸಿಕ್ಕರೆ ಒಂದೆರಡು ಚಮಚ ಸೇರಿಸಿ. ಬಾಯಿಗೆ ಬಟ್ಟೆ ಕಟ್ಟಿ ನೆರಳಲ್ಲಿಡಿ. ಎರಡು ಮೂರು ದಿನಕ್ಕೆ ಮೇಲೆ ತೆಳುವಾದ ಕೆನೆ, ಕೆಟ್ಟ ವಾಸನೆ. ಅದು ಬ್ಯಾಕ್ಟೀರಿಯಾ. ಆಮೇಲೆ ಅವನ್ನು ತಿನ್ನುವ ಕಾಲ್ಪೋಡಾ ಮುಂತಾದ ಸಣ್ಣವು ಬರುತ್ತವೆ. ಇನ್ನೂ ಕೆಲವು ದಿನ ಬಿಟ್ಟರೆ ಪ್ಯಾರಮೀಸಿಯಂ. ಮನೆಯವರು ವಾಸನೆಗೆ ಬೈಯುತ್ತಾರೆ, ಹಿತ್ತಲಲ್ಲಿಡಿ.

ಸ್ಲೈಡಿನಲ್ಲಿ ಎಲ್ಲವೂ ಓಡಿಹೋಗುತ್ತೆ, ಹಿಡಿಯೋದು ಹೇಗೆ?

ಪ್ಯಾರಮೀಸಿಯಂ ಸೆಕೆಂಡಿಗೆ ಒಂದು ಮಿಲಿಮೀಟರ್ ಹತ್ತಿರ ಹೋಗುತ್ತದೆ. 400 ಪಟ್ಟಿನಲ್ಲಿ ಅದು ಬಾಣ. ಹತ್ತಿಯ ಎಳೆಗಳನ್ನು ಬಿಡಿಸಿ ಹನಿಯಲ್ಲಿ ಹಾಕಿ, ಮೇಲೆ ತೆಳು ಗಾಜಿನ ಕವರ್‌ಸ್ಲಿಪ್ ಓರೆಯಾಗಿ ಇಳಿಸಿ. ಎಳೆಗಳ ನಡುವೆ ಸಿಕ್ಕಿ ನಿಧಾನವಾಗುತ್ತದೆ. ಹೆಚ್ಚಾದ ನೀರನ್ನು ಟಿಶ್ಯೂ ಕಾಗದದ ತುದಿಯಿಂದ ಹೀರಿಸಿ. ಜಾಸ್ತಿ ಹೀರಿಸಿದರೆ ಗಾಜಿನ ಭಾರಕ್ಕೆ ಜಜ್ಜಿಹೋಗುತ್ತವೆ. ಸಂಜೆಯವರೆಗೆ ಒಂದೇ ಸ್ಲೈಡ್ ಬೇಕಿದ್ದರೆ ಅಂಚಿಗೆ ವ್ಯಾಸಲೀನ್ ಸವರಿ. 40ರಲ್ಲಿ ಹುಡುಕಿ, 100ರಲ್ಲಿ ತೋರಿಸಿ. 400 ಬೇಕಾಗುವುದು ಅಪರೂಪ.

ಜನ ಬಂದಾಗ ಏನು ಹೇಳಬೇಕು?

ಮೊದಲು ಏನೂ ಹೇಳಬೇಡಿ. ಹೊಸದಾಗಿ ತೋರಿಸುವವರೆಲ್ಲ ಇಲ್ಲೇ ಎಡವುವುದು. ಹೆಸರು, ಜಾತಿ, ಏಕಕೋಶ, ಬಹುಕೋಶ ಎಂದು ಶುರು ಮಾಡುತ್ತಾರೆ. ನೋಡುವವರ ಕಣ್ಣು ಇನ್ನೂ ಬೆಳಕಿನ ವೃತ್ತವನ್ನೇ ಹುಡುಕುತ್ತಿರುತ್ತದೆ. ಅವರು "ಹೂಂ, ಕಾಣ್ತಿದೆ" ಅನ್ನುತ್ತಾರೆ, ಕಂಡಿರುವುದಿಲ್ಲ. ನಾಚಿಕೆಗೆ ಹಾಗೆ ಹೇಳುವುದು. ಅದಕ್ಕೇ ಒಂದು ಪ್ರಶ್ನೆ ಕೇಳಬೇಕು: "ಯಾವ ಕಡೆ ಹೋಗ್ತಿದೆ?" ಕಂಡವರು ಕೈ ತೋರಿಸುತ್ತಾರೆ. ಕಾಣದವರು ತಡೆಯುತ್ತಾರೆ, ಆಗ ಫೋಕಸ್ ಸರಿಮಾಡಿ. ಕನ್ನಡಕದವರು ಹಾಗೇ ನೋಡಬಹುದು. ಕಣ್ಣನ್ನು ಐಪೀಸಿಗೆ ಒತ್ತಬೇಕಿಲ್ಲ, ತುಸು ದೂರವೇ ಇರಲಿ. ಮಕ್ಕಳಿಗೆ ಗಟ್ಟಿ ಸ್ಟೂಲ್ ಬೇಕು. ಇಲ್ಲದಿದ್ದರೆ ಮೈಕ್ರೋಸ್ಕೋಪನ್ನೇ ಹಿಡಿದು ಏರುತ್ತಾರೆ.

ಕಂಡ ಮೇಲೆ ಅವರೇ ಕೇಳುತ್ತಾರೆ. ಆ ಪ್ರಶ್ನೆಗೆ ಮಾತ್ರ ಉತ್ತರ ಕೊಡಿ. "ಏನು ತಿನ್ನುತ್ತೆ?" ಅಂದವರಿಗೆ ವರ್ಗೀಕರಣ ಬೇಡ. ಹೆಸರು ಗೊತ್ತಿಲ್ಲದ ಜೀವಿ ಬಂದರೆ ಗೊತ್ತಿಲ್ಲ ಅನ್ನಿ, ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡು ಆಮೇಲೆ ಹುಡುಕಿ. ಜಾಸ್ತಿ ಹೊತ್ತು ನೋಡುವವರನ್ನು ಎಬ್ಬಿಸಬೇಡಿ. ಸಾಲು ಉದ್ದವಾದರೆ ಇನ್ನೊಂದು ಮೈಕ್ರೋಸ್ಕೋಪ್ ಹುಡುಕಿ.

ಕ್ಯಾಮೆರಾ ಹಾಕಿ ಟಿವಿಯಲ್ಲಿ ತೋರಿಸಿದ್ರೆ ಸುಲಭ ಅಲ್ವಾ?

ಸುಲಭ, ಗುಂಪಿಗೆ ಅದು ಬೇಕು ಕೂಡ. ಆದರೆ ಟಿವಿಯಲ್ಲಿ ನೋಡಿದವರು "ಯೂಟ್ಯೂಬಾ?" ಎಂದು ಕೇಳುತ್ತಾರೆ. ಎದುರಿಗಿರುವ ಹನಿಯಲ್ಲೇ ಈಗ ಇದು ನಡೆಯುತ್ತಿದೆ ಅನ್ನುವುದು ಮನಸ್ಸಿಗೆ ಬರುವುದಿಲ್ಲ. ಎರಡನ್ನೂ ಇಡಿ. ಟಿವಿ ಕರೆಯುವುದಕ್ಕೆ, ಐಪೀಸ್ ತೋರಿಸುವುದಕ್ಕೆ. ಆಮ್‌ಸ್ಟರ್‌ಡ್ಯಾಮಿನಲ್ಲಿ 2014ರಲ್ಲಿ ತೆರೆದ ಮೈಕ್ರೋಪಿಯಾ ಸೂಕ್ಷ್ಮಜೀವಿಗಳದ್ದೇ ಮ್ಯೂಸಿಯಂ. ಅಷ್ಟೆಲ್ಲ ಪರದೆಗಳಿದ್ದೂ ಅಲ್ಲಿ ಜನ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಜೀವಂತ ಜೀವಿಗಳನ್ನು ನೋಡಬಹುದು.

ಇದನ್ನ ಮೊದಲು ಜನರಿಗೆ ತೋರಿಸಿದ್ದು ಯಾರು?

ಕಂಡದ್ದು ಆಂಟನಿ ವಾನ್ ಲೇವನ್‌ಹುಕ್. ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ. 1674ರಲ್ಲಿ ಊರ ಹತ್ತಿರದ ಕೆರೆ ನೀರಲ್ಲಿ ಪುಟ್ಟ ಜೀವಿಗಳನ್ನು ನೋಡಿದ. ಮೆಣಸು ಯಾಕೆ ಖಾರ ಎಂದು ತಿಳಿಯಲು ಕರಿಮೆಣಸನ್ನು ನೀರಲ್ಲಿ ನೆನೆಹಾಕಿದ. ಖಾರದ ಮುಳ್ಳುಗಳು ಕಾಣಬಹುದು ಎಂದುಕೊಂಡಿದ್ದ, ಕಂಡದ್ದು ಲೆಕ್ಕವಿಲ್ಲದ ಜೀವಿಗಳು. 1676ರಲ್ಲಿ ಲಂಡನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಗೆ ಬರೆದ. ಅವರು ನಂಬಲಿಲ್ಲ. ಲೆನ್ಸ್ ಮಾಡುವ ಗುಟ್ಟನ್ನು ಇವನೂ ಬಿಟ್ಟುಕೊಡಲಿಲ್ಲ. ಬದಲಿಗೆ ಪಾದ್ರಿಗಳೂ ಸೇರಿ ಊರಿನ ಎಂಟು ಜನರನ್ನು ಕರೆದು ತೋರಿಸಿ, "ನಾವೂ ಕಂಡೆವು" ಎಂದು ಬರೆಸಿ ಕಳಿಸಿದ.

ಕೊನೆಗೆ ಸೊಸೈಟಿಯ ರಾಬರ್ಟ್ ಹುಕ್ ತಾನೇ ಮೆಣಸು ನೆನೆಹಾಕಿದ. ಮೊದಲ ಸಲ ಸಭೆಗೆ ಏನೂ ಕಾಣಲಿಲ್ಲ. ಹೆಚ್ಚು ದಿನ ನೆನೆಸಿ, ಸಣ್ಣ ಗಾಜಿನ ನಳಿಕೆಯಲ್ಲಿ ನೀರು ಹಿಡಿದು, 1677ರ ನವೆಂಬರ್ 15ರಂದು ಮತ್ತೆ ತೋರಿಸಿದ. ಈ ಸಲ ಎಲ್ಲರೂ ಕಂಡರು, ಅವರಲ್ಲಿ ವಾಸ್ತುಶಿಲ್ಪಿ ಕ್ರಿಸ್ಟೋಫರ್ ರೆನ್ ಕೂಡ ಇದ್ದ. ಕರಿಮೆಣಸಿನ ತವರು ನಮ್ಮ ಪಶ್ಚಿಮ ಘಟ್ಟ. ಮಲೆನಾಡಿನವರು ಮನೆಯ ಮೆಣಸನ್ನೇ ಒಂದು ವಾರ ನೆನೆಹಾಕಿ ಈ ಪ್ರಯೋಗ ಮಾಡಬಹುದು.

ಕಡಲಲ್ಲಿ ರಾತ್ರಿ ನೀಲಿ ಬೆಳಕು ಕಂಡೆ. ಇದೇನಾ?

ಹೌದು, ಬಹುಶಃ ನಾಕ್ಟಿಲೂಕಾ. ಒಂದೇ ಕೋಶದ್ದು. ಅಲೆ ತಾಗಿದಾಗ ಮಿಂಚುತ್ತದೆ. ಬಾಟಲಿಯಲ್ಲಿ ತುಂಬಿ ಕತ್ತಲಲ್ಲಿ ಅಲ್ಲಾಡಿಸಿ ನೋಡಿ. ಅವೇ ಹಗಲಲ್ಲಿ ಸಣ್ಣ ಪಾರದರ್ಶಕ ಗುಂಡುಗಳು.

ಮುಗಿದ ಮೇಲೆ ನೀರನ್ನು ಏನು ಮಾಡಬೇಕು?

ತಂದ ಕೆರೆಗೇ ವಾಪಸ್ ಬಿಡಿ. ಬೇರೆ ಕೆರೆಗೆ ಸುರಿಯಬೇಡಿ. ಒಂದು ಕೆರೆಯ ಕಳೆ, ಬಸವನಹುಳದ ಮೊಟ್ಟೆ ಇನ್ನೊಂದಕ್ಕೆ ಹಬ್ಬುವುದು ಹೀಗೇ. ಹುಲ್ಲಿನ ಜಾಡಿಯನ್ನು ಗಿಡದ ಬುಡಕ್ಕೆ ಹಾಕಿ. ಎಲ್ಲರೂ ಸೋಪು ಹಾಕಿ ಕೈ ತೊಳೆಯಲಿ, ಚುರುಮುರಿ ತಿನ್ನುವ ಮೊದಲು.

ಮಳೆಗಾಲದಲ್ಲಿ ಲೆನ್ಸ್ ಮಸುಕಾಗಿದೆ. ಒರೆಸಿದ್ರೂ ಹೋಗ್ತಿಲ್ಲ.

ಫಂಗಸ್. ಬೆಳಕಿಗೆ ಹಿಡಿದು ನೋಡಿ, ಗಾಜಿನ ಮೇಲೆ ಸಣ್ಣ ಎಳೆಗಳು ಹರಡಿರುತ್ತವೆ. ಸೂಕ್ಷ್ಮಜೀವಿ ತೋರಿಸುವ ಗಾಜನ್ನೇ ಸೂಕ್ಷ್ಮಜೀವಿ ಹಿಡಿದಿದೆ. ಹೊರಗಡೆ ಮಾತ್ರ ಇದ್ದರೆ ಲೆನ್ಸ್ ಕಾಗದಕ್ಕೆ ಲೆನ್ಸ್ ದ್ರಾವಣ ಹಾಕಿ ಮೆತ್ತಗೆ ಒರೆಸಿ, ಪಂಚೆಯ ಅಂಚಿನಿಂದ ಒರೆಸಬೇಡಿ. ಒಳಗೆ ಹೋಗಿದ್ದರೆ ರಿಪೇರಿಯವರಿಗೇ ಕೊಡಬೇಕು. ಲೆನ್ಸಿನ ಒಳಭಾಗವನ್ನು ನೀವೇ ಬಿಚ್ಚಿದರೆ ಮತ್ತೆ ಜೋಡಿಸಲು ಆಗುವುದಿಲ್ಲ. ಮುಂದಿನ ವರ್ಷಕ್ಕೆ ಲೆನ್ಸ್‌ಗಳನ್ನು ಬಿಚ್ಚಿ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಜೆಲ್ಲಿನ ಬಣ್ಣ ಬದಲಾದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಮತ್ತೆ ಬಳಸಬಹುದು. ಆ ಬಾಣಲೆಯನ್ನು ಅಡುಗೆಗೆ ವಾಪಸ್ ಕೊಡಬೇಡಿ.